ಮಿತಿಯಿಲ್ಲದ ರಸ್ತೆಯ ಒಂದು ತಗ್ಗು

ಆ ಚಳಿಗಾಲವಿಡೀ ನಾನು ಒಂದು ರಸ್ತೆಯನ್ನು ನೋಡುತ್ತಿದ್ದೆ. ರಸ್ತೆ ಇದ್ದದ್ದು ಆಸ್ಟ್ರೇಲಿಯಾದ ಒಳನಾಡಿನ ಮರುಭೂಮಿಯಲ್ಲಿ. ನಾನಿದ್ದದ್ದು ಇಂಗ್ಲೆಂಡಿನ ಬರ್ಚ್‌ವುಡ್‌ನಲ್ಲಿ, ಬಿಸಿನೆಸ್ ಪಾರ್ಕಿನ ಒಂದು ಕಟ್ಟಡದ ಮೇಲಿನ ಮಹಡಿಯ ಕಿಟಕಿಯ ಪಕ್ಕ. ಕಿಟಕಿಯಾಚೆ ಕಾರ್ ಪಾರ್ಕು, ಎಲೆ ಉದುರಿಸಿ ನಿಂತ ಮರಗಳು, ಬೂದಿ ಬಣ್ಣದ ಆಕಾಶ. ಕಿಟಕಿಯೀಚೆ, ನನ್ನ ಮೇಜಿನ ಮೇಲಿನ ಎರಡು ಸ್ಕ್ರೀನ್‌ಗಳಲ್ಲಿ, ಕುಂಕುಮದಷ್ಟು ಕೆಂಪಾದ ಮಣ್ಣು, ಅದರ ನಡುವೆ ಯಾರೋ ದಾರ ಹಿಡಿದು ಎಳೆದಂತೆ ನೇರವಾದ ಡಾಂಬರು. ದಿನವೆಲ್ಲ ಆ ಕೆಂಪನ್ನು ನೋಡಿ ಸಂಜೆ ಲೀಡ್ಸ್ ಕಡೆಗೆ ರೈಲು ಹತ್ತಿದರೆ, ಗುಡ್ಡಗಳ ಮೇಲಿನ ಹಿಮವೂ ನನಗೆ ಒಂದಿಷ್ಟು ಕೆಂಪಾಗಿಯೇ ಕಾಣುತ್ತಿತ್ತು.

ಕೆಲಸ ಇಷ್ಟು. ಆ ಹೆದ್ದಾರಿಯಲ್ಲಿ ಆಗ ಇದ್ದ ವೇಗಮಿತಿ ಗಂಟೆಗೆ ನೂರಮೂವತ್ತು ಕಿಲೋಮೀಟರ್. ಒಂದರ ಹಿಂದೊಂದು ಬರುವ ಮೂರು ನೇರ ಭಾಗಗಳಲ್ಲಿ ಆ ಮಿತಿಯನ್ನೇ ತೆಗೆದುಹಾಕುವ ಯೋಚನೆ ಅಲ್ಲಿನ ರಸ್ತೆ ಇಲಾಖೆಗಿತ್ತು. ತೆಗೆದರೆ ಅಲ್ಲಿ ನಿಲ್ಲುವ ಫಲಕದಲ್ಲಿ ಅಂಕಿ ಇರುವುದಿಲ್ಲ. ಬಿಳಿಯ ಮೇಲೆ ಒಂದು ಕಪ್ಪು ವೃತ್ತ, ಅದಕ್ಕೊಂದು ಓರೆ ಗೆರೆ, ಅಷ್ಟೆ. ಇಲ್ಲಿಂದ ಮುಂದೆ ನಿನ್ನ ವಿವೇಕವೇ ನಿನ್ನ ಮಿತಿ ಎಂದು ಅರ್ಥ. ಓರೆ ಗೆರೆಯ ಫಲಕ ಇಂಗ್ಲೆಂಡಿನಲ್ಲೂ ಇದೆ, ಆದರೆ ಇಲ್ಲಿ ಆ ಗೆರೆಯ ಹಿಂದೆ ಎಲ್ಲರಿಗೂ ಗೊತ್ತಿರುವ ಒಂದು ಅಂಕಿ ಇದೆ. ಅಲ್ಲಿ ಗೆರೆಯ ಹಿಂದೆ ಏನೂ ಇಲ್ಲ. ತೆಗೆಯುವ ಮೊದಲು ಹೊರಗಿನವರು ಯಾರಾದರೂ ಆ ರಸ್ತೆಯನ್ನು ಪರಿಶೀಲಿಸಲಿ ಎಂದು ಅವರು ನಮ್ಮ ಕಂಪನಿಗೆ ಒಪ್ಪಿಸಿದ್ದರು. ನಮ್ಮ ತಂಡದಲ್ಲಿ ಅದು ನನ್ನ ಪಾಲಿಗೆ ಬಂತು.

ಕ್ಯಾಮೆರಾ ಹೊತ್ತ ವಾಹನವೊಂದು ಮೊದಲೇ ಆ ರಸ್ತೆಯುದ್ದಕ್ಕೂ ಓಡಿ, ಹತ್ತು ಮೀಟರಿಗೊಂದರಂತೆ ಚಿತ್ರ ತೆಗೆದಿತ್ತು. ನಾನು ನೂರು ಮೀಟರಿನ ಒಂದೊಂದೇ ತುಂಡನ್ನು ತೆಗೆದುಕೊಂಡು, ಡಾಂಬರಿನ ಅಂಚು ಎಷ್ಟು ಅಗಲ, ಬಿಳಿ ಗೆರೆ ಮಾಸಿದೆಯೇ, ತಿರುವಿದೆಯೇ, ದಾರಿ ತಪ್ಪಿದ ಕಾರು ಏನಕ್ಕೆ ಡಿಕ್ಕಿ ಹೊಡೆಯುತ್ತದೆ ಎಂದು ನೋಡಿ ತುಂಬಬೇಕು. ಬರೆಯಲು ಏನೂ ಇಲ್ಲದ ತುಂಡುಗಳೇ ಹೆಚ್ಚು. ಇದ್ದುದೆಂದರೆ ಹುತ್ತಗಳು. ರಸ್ತೆಯ ಎರಡೂ ಬದಿ, ಆಳೆತ್ತರದ ಗೆದ್ದಲ ಹುತ್ತಗಳು ಸಾಲಾಗಿ, ಜಾತ್ರೆಗೆ ಹೊರಟವರು ದಣಿದು ನಿಂತ ಹಾಗೆ ನಿಂತಿದ್ದವು. ನಾನು ಬಾಗಲಕೋಟೆಯ ಕಡೆಯವಳು. ಹುತ್ತ ಕಂಡರೆ ಹಾಲೆರೆಯಬೇಕೆನ್ನುವ ಮನೆಯಲ್ಲಿ ಬೆಳೆದವಳು ಇಲ್ಲಿ ಕೂತು ಅದನ್ನು ಅಪಾಯದ ವಸ್ತು ಎಂದು ಗುರುತು ಹಾಕಬೇಕಿತ್ತು. ಆದರೆ ಸಾಫ್ಟ್‌ವೇರಿನಲ್ಲಿ ಹುತ್ತ ಎಂಬ ಆಯ್ಕೆಯೇ ಇರಲಿಲ್ಲ. ಮರವಿತ್ತು, ಕಂಬವಿತ್ತು, ಬಂಡೆಯಿತ್ತು.

ನಮ್ಮ ತಂಡದ ಮುಖ್ಯಸ್ಥನನ್ನು ಕೇಳಿದೆ. ಲ್ಯಾಂಕಶೈರಿನವನು, ಊರಾಡಳಿತದ ಕೌನ್ಸಿಲ್ ರಸ್ತೆಗಳ ಕೆಲಸದಲ್ಲೇ ತಲೆ ನರೆಸಿಕೊಂಡು ನಮ್ಮ ಕಂಪನಿಗೆ ಬಂದವನು. ಸ್ಕ್ರೀನಿನ ಹತ್ತಿರ ಬಗ್ಗಿ ನೋಡಿದ.

"ಅದು ಮಣ್ಣಲ್ವಾ? ಗುದ್ದಿದ್ರೆ ಪುಡಿ ಆಗಲ್ವಾ?"

"ನನಗೆ ಗೊತ್ತಿಲ್ಲ."

"ಅಲ್ಲಿಯವರನ್ನೇ ಕೇಳು."

ಅಲ್ಲಿಯವರು ಎಂದರೆ ಆ ಹೆದ್ದಾರಿಯನ್ನು ನೋಡಿಕೊಳ್ಳುವ ಎಂಜಿನಿಯರ್. ನನಗೆ ಬೆಳಗಾದಾಗ ಅವರಿಗೆ ಸಂಜೆ. ಹಾಗಾಗಿ ನಮ್ಮ ಮಾತುಕತೆಯೆಲ್ಲ ನಾನು ಲೀಡ್ಸ್‌ನ ಹೆಡಿಂಗ್ಲೀಯ ಮನೆಯ ಅಡುಗೆ ಟೇಬಲ್ಲಿನಲ್ಲಿ ಚಹಾ ಹಿಡಿದು ಕೂತಾಗಲೇ ನಡೆಯುತ್ತಿತ್ತು. ಹುತ್ತದ ವಿಷಯ ಕೇಳಿದಾಗ ಅವರು ನಕ್ಕರು. "ಗುದ್ದಿದವರು ಬಂಡೆ ಅಂತಲೇ ಹೇಳ್ತಾರೆ. ಬಂಡೆ ಅಂತ ಹಾಕಿ."

ಆಮೇಲೆ ಅವರೇ ಕೇಳಿದರು. "ನೀವು ಕೂತಿರೋದು ಎಲ್ಲಿ?"

"ಮನೆ ಲೀಡ್ಸ್‌ನಲ್ಲಿ. ಆಫೀಸು ಮ್ಯಾಂಚೆಸ್ಟರ್ ಆಚೆ."

"ಅಲ್ಲಿ ನೋಡಿದ ಕಡೆಯೆಲ್ಲ ಸ್ಪೀಡ್ ಕ್ಯಾಮೆರಾ, ಅಲ್ವಾ? ಅಂಥ ಕಡೆಯಿಂದ ನಮ್ಮ ರಸ್ತೆಗೆ ಬುದ್ಧಿ ಹೇಳೋದು ಸುಲಭ." ಮಾತಿನಲ್ಲಿ ಸಿಟ್ಟಿರಲಿಲ್ಲ. "ನಾನು ಇಲ್ಲಿ ಹೆದರೋದು ವೇಗಕ್ಕಲ್ಲ, ನಿದ್ದೆಗೆ. ನಿಧಾನ ಹೋಗಿ ಅಂದ್ರೆ ಪ್ರಯಾಣ ಉದ್ದ ಆಗುತ್ತೆ. ಉದ್ದ ಆದಷ್ಟೂ ಕಣ್ಣು ಎಳೆಯುತ್ತೆ. ಒಂದು ಮಧ್ಯಾಹ್ನ ಆ ವಿಡಿಯೋನ ನಿಲ್ಲಿಸದೆ ನೋಡಿ, ನಿಮಗೇ ಗೊತ್ತಾಗುತ್ತೆ."

ನೋಡಿದೆ. ಊಟ ಮುಗಿಸಿ ಬಂದು, ಚಿತ್ರಗಳನ್ನು ಒಂದರ ಹಿಂದೊಂದು ವಾಹನದ ನಿಜವಾದ ವೇಗದಲ್ಲೇ ಓಡಲು ಬಿಟ್ಟೆ. ಗೆರೆಯ ತುಂಡುಗಳು ಒಂದೊಂದಾಗಿ ಬಂದು ನನ್ನ ಕೆಳಗೆ ಜಾರಿಹೋಗುತ್ತಿದ್ದವು. ದೂರದಲ್ಲಿ ರಸ್ತೆ ಬಿಸಿಲಿಗೆ ನೀರಾಗಿ ಕಾಣುತ್ತಿತ್ತು, ಹತ್ತಿರ ಹೋದಂತೆ ಹಿಂದೆ ಸರಿಯುತ್ತಿತ್ತು. ಹುತ್ತಗಳು ಬಂದವು, ಹೋದವು. ಸ್ವಲ್ಪ ಹೊತ್ತಿಗೆ ನಾನು ನೋಡುತ್ತಿದ್ದೇನೋ, ನೋಡುತ್ತಿರುವ ಕನಸು ಕಾಣುತ್ತಿದ್ದೇನೋ ತಿಳಿಯದಾಯಿತು. ಕನಸಿನಲ್ಲೂ ಗೆರೆಗಳು ಬರುತ್ತಲೇ ಇದ್ದವು. ಎಚ್ಚರಾದಾಗ ಕಾರ್ ಪಾರ್ಕಿನ ದೀಪಗಳು ಹತ್ತಿದ್ದವು, ಸ್ಕ್ರೀನಿನಲ್ಲಿ ಇನ್ನೂ ನಡುಹಗಲು. ಅವರ ಮಾತು ಸುಳ್ಳಲ್ಲ ಎಂದು ನನಗೆ ಅನ್ನಿಸಿತು. ಆ ದಿನದಿಂದ ನಾನು ಅವರ ವಾದವನ್ನು ಗೌರವದಿಂದಲೇ ಕೇಳತೊಡಗಿದೆ.

ಕಷ್ಟ ಶುರುವಾದದ್ದು ಲೆಕ್ಕ ಮಾಡಲು ಕೂತಾಗ. ನಮ್ಮ ಪ್ರತಿ ಲೆಕ್ಕಕ್ಕೂ ಒಂದು ವೇಗ ಬೇಕು. ಮಿತಿಯಿಲ್ಲದ ರಸ್ತೆಗೆ ಏನು ಬರೆಯಲಿ? ಖಾಲಿ ಬಿಟ್ಟರೆ ಸಾಫ್ಟ್‌ವೇರ್ ಮುಂದೆ ಹೋಗುವುದಿಲ್ಲ. ಜನ ನಿಜವಾಗಿ ಎಷ್ಟು ವೇಗದಲ್ಲಿ ಹೋಗುತ್ತಾರೆಂದು ಅಳೆಯಲು ರಸ್ತೆಗೆ ಅಡ್ಡಲಾಗಿ, ಚಕ್ರ ಒತ್ತಿದ ಕ್ಷಣವನ್ನು ಗುರುತಿಸುವ ರಬ್ಬರ್ ಕೊಳವೆಗಳನ್ನು ಹಾಸಿದ್ದರು. ಎರಡು ಮೂರು ಟ್ರೇಲರ್ ಎಳೆಯುವ ಅಲ್ಲಿನ ಉದ್ದುದ್ದ ಟ್ರಕ್ಕುಗಳು, ರೋಡ್ ಟ್ರೇನ್ ಅನ್ನುತ್ತಾರೆ, ಅವುಗಳ ಚಕ್ರಕ್ಕೆ ಸಿಕ್ಕಿ ಕೊಳವೆಗಳು ಹರಿದುಹೋಗಿದ್ದವು. ಉಳಿದ ಅಳತೆ ಅಲ್ಪಸ್ವಲ್ಪ. ಅದೂ ಮಿತಿ ಇದ್ದಾಗಿನದು. "ನೂರಮೂವತ್ತು ಅಂತಲೇ ಹಾಕಿ, ಬಹಳ ಜನ ಅಷ್ಟರಲ್ಲೇ ಹೋಗ್ತಾರೆ" ಎಂದರು ಅಲ್ಲಿನ ಎಂಜಿನಿಯರ್. ಬಹಳ ಜನ ಹೋಗಬಹುದು. ಆದರೆ ಆ ಉದ್ದದ ಟ್ರಕ್ಕನ್ನು ಹಿಂದೆ ಹಾಕಲು ಎದುರಿನ ಲೇನಿಗೆ ಇಳಿದವನಿಗೆ ಒಂದು ಕಿಲೋಮೀಟರಿಗೂ ಮೀರಿ ಖಾಲಿ ರಸ್ತೆ ಬೇಕು. ಎದುರಿನಿಂದ ಬರುವ ಒಬ್ಬನ ವೇಗ ಎಷ್ಟೆಂದು ಅವನಿಗೆ ಗೊತ್ತಿರುವುದಿಲ್ಲ. ನಾನು ಬೇರೆ ಬೇರೆ ವೇಗಗಳನ್ನು ಹಾಕಿ ಎಲ್ಲದಕ್ಕೂ ಲೆಕ್ಕ ಮಾಡಿದೆ. ರಸ್ತೆ ಅಷ್ಟು ನೇರ, ಅಷ್ಟು ಸಪಾಟು, ಎಲ್ಲ ಲೆಕ್ಕದಲ್ಲೂ ಪಾಸಾಯಿತು.

ಮಧ್ಯದ ಭಾಗವನ್ನು ಕೊನೆಯ ಸಲ ತಿರುವಿ ನೋಡುತ್ತಿದ್ದಾಗ ಆ ಬಿಳಿ ಕಾರು ಕಂಡಿತು.

ಎದುರಿನಿಂದ ಬರುತ್ತಿತ್ತು. ಮೊದಲು ಬಿಸಿಲ್ಗುದುರೆಯ ನೀರಿನ ಮೇಲೆ ಒಂದು ಬಿಳಿ ಚುಕ್ಕೆ, ಹೂವಿನ ಎಸಳು ತೇಲಿದಂತೆ. ಮುಂದಿನ ಚಿತ್ರದಲ್ಲಿ ಕೊಂಚ ದೊಡ್ಡದು. ಅದರ ಮುಂದಿನದರಲ್ಲಿ ಇಲ್ಲ. ರಸ್ತೆ ಖಾಲಿ. ಕೆಲವು ಚಿತ್ರಗಳವರೆಗೆ ಖಾಲಿ ರಸ್ತೆ, ನೀಲಿ ಆಕಾಶ. ಆಮೇಲೆ ಕಾರು ಇದ್ದಕ್ಕಿದ್ದಂತೆ ಹತ್ತಿರದಲ್ಲೇ, ಪೂರ್ತಿಯಾಗಿ, ದೀಪ ಹಾಕಿಕೊಂಡು ಬರುತ್ತಿತ್ತು.

ತೂಕಡಿಸಿದೆನೇನೋ ಎಂದುಕೊಂಡು ಹಿಂದಕ್ಕೆ ಹೋಗಿ ಮತ್ತೆ ನೋಡಿದೆ. ಹಾಗೆಯೇ ಇತ್ತು. ಮುಖ್ಯಸ್ಥನನ್ನು ಕರೆದೆ.

"ಮಧ್ಯೆ ಚಿತ್ರಗಳು ಬಿಟ್ಟುಹೋಗಿರುತ್ತೆ," ಎಂದ. "ಬಿಸಿಲಿಗೆ ಕ್ಯಾಮೆರಾ ಹಾಗೆ ಮಾಡುತ್ತೆ."

ಅದೂ ಇರಬಹುದು ಎಂದು ಚಿತ್ರಗಳ ಕ್ರಮಸಂಖ್ಯೆ ನೋಡಿದೆ. ಒಂದೂ ಬಿಟ್ಟಿರಲಿಲ್ಲ. ಸಮಯವೂ ಸ್ಥಳದ ಗುರುತೂ ಸರಿಯಾಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ಹಾಗಾದರೆ ಕಾರು ನಿಜವಾಗಿಯೂ ಎಲ್ಲೋ ಮರೆಯಾಗಿತ್ತು. ಮರೆಯಾಗಲು ಅಲ್ಲಿ ಒಂದು ತಗ್ಗು ಇರಬೇಕು. ನಮ್ಮ ನಕ್ಷೆಯಲ್ಲಿ ತಗ್ಗಿರಲಿಲ್ಲ. ಆದರೆ ಆ ನಕ್ಷೆಗೆ ಆಧಾರವಾದ ಉಪಗ್ರಹದ ಅಳತೆಯಲ್ಲಿ ಎತ್ತರ ಒಂದೆರಡು ಮೀಟರ್ ಹೆಚ್ಚುಕಡಿಮೆ ಬರುವುದು ಸಹಜ. ಅದಕ್ಕೇ ಸಾಫ್ಟ್‌ವೇರ್ ಸಣ್ಣ ಏರಿಳಿತಗಳನ್ನೆಲ್ಲ ಉಜ್ಜಿ ನಯ ಮಾಡಿಬಿಡುತ್ತದೆ. ಕಾರೊಂದು ಮುಳುಗಲು ಎಷ್ಟು ಆಳ ಬೇಕು? ನಿಂತ ಮನುಷ್ಯನಷ್ಟೂ ಬೇಡ. ಆ ಜಾಗದಲ್ಲಿ ರಸ್ತೆಯ ನಡುಗೆರೆ ತುಂಡುತುಂಡಾಗಿತ್ತು. ಎಂದರೆ ಇಲ್ಲಿ ಓವರ್‌ಟೇಕ್ ಮಾಡಬಹುದು ಎಂದು.

"ಒಂದು ಅಡಿಟಿಪ್ಪಣಿ ಹಾಕು," ಎಂದ ಮುಖ್ಯಸ್ಥ. "ಈ ಜಾಗದಲ್ಲಿ ಎತ್ತರವನ್ನು ಮತ್ತೊಮ್ಮೆ ಅಳೆಯುವುದು ಒಳ್ಳೆಯದು ಅಂತ. ವರದಿ ಅಲ್ಲಿನ ಇಲಾಖೆಯ ಸಮಿತಿಯ ಮುಂದೆ ಹೋಗೋ ದಿನ ಹತ್ತಿರ ಬಂತು."

ಬರೆದೆ. ಓದಿದೆ. ಅಳಿಸಿದೆ. ವಾರಾಂತ್ಯ ಕಳೆಯಲಿ ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಆ ಭಾನುವಾರ ಲೆಸ್ಟರಿನಲ್ಲಿ ಪರಿಚಯದವರ ಹೊಸ ಮನೆಯ ಗೃಹಪ್ರವೇಶವಿತ್ತು. ಎಂ ಒನ್ ಮೋಟರ್‌ವೇ ಮೇಲೆ ದಕ್ಷಿಣಕ್ಕೆ ಹೊರಟಿದ್ದೆವು. ನನ್ನ ಗಂಡ ಕಾರು ಓಡಿಸುತ್ತಿದ್ದರು. ಅವರು ಧಾರವಾಡದವರು, ಲೀಡ್ಸ್‌ನಲ್ಲಿ ಜಿಪಿ, ಎಂದರೆ ಫ್ಯಾಮಿಲಿ ಡಾಕ್ಟರ್. ಮಗಳು ಹಿಂದೆ ಕೂತು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಮಂಜು ಇರಲಿಲ್ಲ, ಮಳೆ ಇರಲಿಲ್ಲ. ಮೋಟರ್‌ವೇ ಹೆಚ್ಚುಕಡಿಮೆ ಖಾಲಿಯಿತ್ತು. ಎಪ್ಪತ್ತು ಮೈಲಿ ಮಿತಿಯ ಆ ರಸ್ತೆಯಲ್ಲಿ, ತಲೆಯ ಮೇಲಿನ ಫಲಕಗಳಲ್ಲಿ ಇದ್ದಕ್ಕಿದ್ದಂತೆ ಐವತ್ತು ಎಂದು ಹೊತ್ತಿಕೊಂಡಿತು.

"ಐವತ್ತಂತ ನೋಡು," ಎಂದರು ಗಂಡ. "ಮುಂದ ಒಂದು ನರಪಿಳ್ಳಿ ಇಲ್ಲ. ಯಾಕ ನಿಂದರಸ್ತಾರೋ ಇವರು."

"ಸುಮ್ನ ನಿಧಾನ ಹೋಗ್ರಿ. ಏನರ ಇರತೈತಿ."

"ಏನಿರತೈತಿ? ನಿನ್ನ ಆ ಆಸ್ಟ್ರೇಲಿಯಾದ ರಸ್ತಾನ ಛಲೋ ಐತಿ ಹಂಗಾರ."

ಹಿಂದಿನಿಂದ ಮಗಳು, "ಅಮ್ಮಾ, ಪ್ಲೀಸ್, ನಾಟ್ ದಟ್ ರೋಡ್ ಅಗೇನ್" ಎಂದಳು. ಹೆಡ್‌ಫೋನಿನಲ್ಲಿ ಏನೂ ಓಡುತ್ತಿರಲಿಲ್ಲವೆಂದು ಆಗ ಗೊತ್ತಾಯಿತು.

ಗೊಣಗುತ್ತಲೇ ಅವರು ವೇಗ ತಗ್ಗಿಸಿದರು. ಬಹಳ ದೂರ ಏನೂ ಇರಲಿಲ್ಲ. ರಸ್ತೆ ನಿಧಾನವಾಗಿ ಏರಿತು, ಏರಿನ ಆಚೆ ಇಳಿಯಿತು. ಇಳಿಜಾರಿನಲ್ಲಿ, ನಮ್ಮ ಲೇನಿನಲ್ಲೇ, ಒಂದು ಚಿಕ್ಕ ಕೆಂಪು ಕಾರು ಕೆಟ್ಟು ನಿಂತಿತ್ತು. ಒಳಗೆ ಒಬ್ಬ ಅಜ್ಜಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ನೇರವಾಗಿ ಮುಂದೆ ನೋಡುತ್ತ ಕೂತಿದ್ದರು, ಇನ್ನೂ ಓಡಿಸುತ್ತಿರುವ ಹಾಗೆ. ನಾವು ಪಕ್ಕದ ಲೇನಿಗೆ ಸರಿದು ದಾಟಿದೆವು. ಹೆದ್ದಾರಿಯವರ ಹಳದಿ ವಾಹನ ಅಷ್ಟರಲ್ಲಿ ಹಿಂದಿನಿಂದ ಬಂದು ಅವರ ಬೆನ್ನಿಗೆ ನಿಂತಿತು. ಗಂಡ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದರು. ಆಮೇಲೆ, "ಪಾಪ, ಯಾರೋ ನೋಡಿದ್ರು" ಎಂದರು.

ಲೆಸ್ಟರಿನಲ್ಲಿ ಶೇಂಗಾ ಹೋಳಿಗೆ ತಿನ್ನುವಾಗಲೂ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಕಾಣದ್ದನ್ನು ಯಾರೋ ಎಲ್ಲೋ ಕೂತು ಕ್ಯಾಮೆರಾದಲ್ಲಿ ನಮಗಾಗಿ ನೋಡಿದ್ದರು, ಅದಕ್ಕೇ ಆ ಫಲಕ ಹೊತ್ತಿತು. ಆ ಕೆಂಪು ರಸ್ತೆಯಲ್ಲಿ ಅಂಥ ಫಲಕವಿಲ್ಲ, ಹಳದಿ ವಾಹನವೂ ಇಲ್ಲ. ಅಲ್ಲಿ ನೋಡುವ ಕೆಲಸಕ್ಕೆ ಕೂತವಳು ಈಗ ನಾನೇ. ನಾನು ನೋಡಿಯೂ ಇದ್ದೇನೆ.

ಸೋಮವಾರ ಮುಖ್ಯಸ್ಥನಿಗೆ ಹೇಳಿದೆ. "ಎರಡು ಭಾಗಗಳಿಗೆ ಸಹಿ ಮಾಡ್ತೀನಿ. ಮಧ್ಯದ್ದಕ್ಕೆ ಮಾಡಲ್ಲ. ಪರಿಶೀಲನೆ ಮುಗಿದಿಲ್ಲ ಅಂತ ಬರೀತೀನಿ. ಅಡಿಟಿಪ್ಪಣಿಯಲ್ಲಲ್ಲ, ಮೊದಲ ಪುಟದಲ್ಲಿ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. "ಮಧ್ಯದ್ದು ಬಿಟ್ರೆ ಅವರ ಯೋಜನೆಯೇ ಎರಡು ತುಂಡಾಗುತ್ತೆ. ಗೊತ್ತಲ್ಲ? ಒಂದು ಬಿಳಿ ಕಾರಿಗೋಸ್ಕರ."

"ಗೊತ್ತು."

"ಅಲ್ಲಿ ತಗ್ಗು ಇಲ್ಲದೇ ಇದ್ರೆ?"

"ಇಲ್ಲ ಅಂತ ಅಳೆದು ತೋರಿಸಲಿ. ಸಂತೋಷದಿಂದ ಸಹಿ ಮಾಡ್ತೀನಿ."

ಕನ್ನಡಕ ಮತ್ತೆ ಹಾಕಿಕೊಂಡ. "ಸರಿ. ನನ್ನ ಸಹಿಯೂ ಅದರ ಕೆಳಗೇ ಇರುತ್ತೆ. ಫೋನ್ ಮಾತ್ರ ನೀನೇ ಮಾಡು."

ಮಾಡಿದೆ. ಮರುದಿನ ಬೆಳಿಗ್ಗೆ, ಅಡುಗೆ ಟೇಬಲ್ಲಿನಿಂದಲೇ. ಅಲ್ಲಿನ ಎಂಜಿನಿಯರ್ ಪೂರ್ತಿ ಕೇಳಿಸಿಕೊಂಡರು. ಅವರ ಕಡೆಯಿಂದ ಯಾವುದೋ ಹಕ್ಕಿಯ ಕೂಗು ಕೇಳುತ್ತಿತ್ತು.

"ಆ ರಸ್ತೆ ನನ್ನ ಮನೆ ಅಂಗಳ ಇದ್ದ ಹಾಗೆ," ಎಂದರು. "ಅಲ್ಲಿ ತಗ್ಗಿಲ್ಲ. ನೀರು ಹಾಯೋ ಜಾಗಕ್ಕೆಲ್ಲ ಫಲಕ ಹಾಕಿದೀವಿ. ಬಿಸಿಲ್ಗುದುರೆ ನೋಡಿ ಹೆದರಿದೀರಿ."

"ಇರಬಹುದು. ಅದಕ್ಕೇ ಅಳೀರಿ ಅಂತಿದೀನಿ. ದೊಡ್ಡ ಯಂತ್ರ ಬೇಡ. ಕಾರಿನಲ್ಲಿ ಕೂತವರ ಕಣ್ಣು ಎಷ್ಟು ಎತ್ತರಕ್ಕಿರುತ್ತೋ ಅಷ್ಟು ಎತ್ತರಕ್ಕೆ ಕ್ಯಾಮೆರಾ ಇಡಿ. ಇನ್ನೊಬ್ಬರು ಕಾರಿನಲ್ಲಿ ದೂರ ಹೋಗಲಿ. ಕಾಣ್ತಾರಾ ಇಲ್ವಾ ನೋಡೋಣ."

ಒಪ್ಪಿದರು, ಅರೆಮನಸ್ಸಿನಿಂದ. ಆದರೆ ಆ ವಾರವೇ ಅಲ್ಲಿ ಮಳೆ ಶುರುವಾಯಿತು. ಒಣಗಿದ ಹಳ್ಳಗಳೆಲ್ಲ ತುಂಬಿ ಹೆದ್ದಾರಿ ಮುಚ್ಚಿತು. ಸಮಿತಿಯ ದಿನ ಬಂದು ಹೋಯಿತು. ನಮ್ಮ ವರದಿ ಅರ್ಧವಾಗಿಯೇ ಅವರ ಮುಂದೆ ಹೋಯಿತು. ಅಲ್ಲಿಂದ ನಮ್ಮ ಡೈರೆಕ್ಟರಿಗೊಂದು ಅಸಮಾಧಾನದ ಇಮೇಲ್ ಬಂತು, ಅದು ನನ್ನವರೆಗೂ ಇಳಿದು ಬಂತು. ನಾನು ಬೇರೆ ಕೆಲಸ ಹಿಡಿದೆ, ಬ್ರಾಡ್‌ಫರ್ಡಿನ ಒಂದು ಶಾಲೆಯ ಮುಂದಿನ ಜೀಬ್ರಾ ಕ್ರಾಸಿಂಗ್. ಬೆಳಿಗ್ಗೆ ಕಣ್ಣು ಬಿಡುವ ಮೊದಲು ಮಾತ್ರ ಆ ಗೆರೆಗಳು ಇನ್ನೂ ಬರುತ್ತಿದ್ದವು. ಅವುಗಳ ಮೇಲೆ ನೀರು ಹರಿಯುತ್ತಿತ್ತು. ನೀರಿನೊಳಗೆ ಎಲ್ಲೋ ಒಂದು ಕಾರಿನ ದೀಪ ಉರಿಯುತ್ತಿತ್ತು. ನಾನು ತಪ್ಪಾಗಿ ನೋಡಿದ್ದರೆ ಎಂಬ ಭಯವೂ, ಸರಿಯಾಗಿ ನೋಡಿದ್ದರೆ ಎಂಬ ಭಯವೂ ಒಂದೇ ತೂಕದವಾಗಿದ್ದವು.

ರಸ್ತೆ ಒಣಗಿದ ಮೇಲೆ ಅವರೇ ವಿಡಿಯೋ ಕರೆ ಮಾಡಿದರು. ನಾನು ಅಡುಗೆಮನೆಯಲ್ಲಿದ್ದೆ. ಹೊರಗೆ ಇನ್ನೂ ಕತ್ತಲು ಹರಿದಿರಲಿಲ್ಲ. ಬೀದಿಯ ಇಟ್ಟಿಗೆ ಮನೆಗಳ ಮುಂದೆ ಮೊದಲ ಬಸ್ಸು ಹೋಯಿತು. ಫೋನಿನ ಪುಟ್ಟ ಪರದೆಯಲ್ಲಿ ಮಧ್ಯಾಹ್ನ ಇಳಿದ ಬಿಸಿಲು, ಮಳೆಗೆ ಚಿಗುರಿದ ಹುಲ್ಲು, ಕೆಂಪಿನ ಮೇಲೆ ತೆಳುವಾದ ಹಸಿರು. ಅಷ್ಟು ದಿನ ಚಿತ್ರವಾಗಿದ್ದ ರಸ್ತೆಯ ಸದ್ದನ್ನು ಮೊದಲ ಸಲ ಕೇಳಿದೆ. ಗಾಳಿಯ ಸದ್ದು, ಅಷ್ಟೇ. ಅವರ ವಾಹನದ ಮೇಲಿನ ಉಪಗ್ರಹ ಡಿಶ್‌ನಿಂದ ಬರುತ್ತಿದ್ದ ಸಂಪರ್ಕ ಆಗಾಗ ನಡುಗುತ್ತಿತ್ತು.

ಅವರು ಕ್ಯಾಮೆರಾವನ್ನು ಮೋಟುಕಾಲಿನ ಸ್ಟ್ಯಾಂಡಿನ ಮೇಲೆ ರಸ್ತೆಯ ಅಂಚಿಗೆ ನಿಲ್ಲಿಸಿ, ಎತ್ತರವನ್ನು ಟೇಪಿನಿಂದ ಅಳೆದು ನನಗೆ ತೋರಿಸಿದರು. ಅವರ ಸಹೋದ್ಯೋಗಿ ಹೆಂಗಸೊಬ್ಬಳು ಬಿಳಿ ಕಾರಿನಲ್ಲಿ, ಮೇಲೆ ಹಳದಿ ದೀಪ ತಿರುಗಿಸಿಕೊಂಡು ಹೊರಟಳು. ಕಾರು ಸಣ್ಣದಾಗುತ್ತ ಹೋಯಿತು. ಬಿಸಿಲ್ಗುದುರೆಯ ಅಂಚು ಮುಟ್ಟಿತು.

"ನೋಡಿ, ಕಾಣ್ತಿದಾಳೆ," ಎಂದರು ಅವರು. "ಇನ್ನೂ ಕಾಣ್ತಿದಾಳೆ. ಇನ್ನೂ…"

ರಸ್ತೆ ಖಾಲಿಯಾಗಿತ್ತು. ಹಳದಿ ದೀಪವೂ ಇರಲಿಲ್ಲ.

ಅವರು ವಾಕಿಟಾಕಿ ಎತ್ತಿಕೊಂಡರು. "ಎಲ್ಲಿದೀಯ?"

"ಇಲ್ಲೇ," ಎಂದು ಅವಳ ದನಿ ಬಂತು. "ಅಂಚಿಗೆ ನಿಲ್ಲಿಸಿದೀನಿ. ನೀನೇ ಕಾಣ್ತಿಲ್ಲ. ನಿನ್ನ ಗಾಡಿಯೂ ಕಾಣ್ತಿಲ್ಲ."

ಗಾಳಿ ಬೀಸುತ್ತಿತ್ತು. ಅಷ್ಟರಲ್ಲಿ ಆ ಖಾಲಿ ರಸ್ತೆಯ ಒಳಗಿನಿಂದ, ನೆಲವೇ ಹೆತ್ತಂತೆ, ಬೇರೆ ಒಂದು ಕಾರು ಎದ್ದು ಬಂತು. ಕಡುನೀಲಿ ಬಣ್ಣದ್ದು. ಬಂದದ್ದು ಕಂಡಿತು, ಕ್ಯಾಮೆರಾ ನಡುಗಿತು, ಹೋಯಿತು. ಅದರ ಗಾಳಿಗೆ ಅವರ ಟೊಪ್ಪಿಗೆ ಹಾರಿ ಹುಲ್ಲಿಗೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

"ನಾನು ಈ ಜಾಗದಲ್ಲಿ ಓವರ್‌ಟೇಕ್ ಮಾಡಿದೀನಿ," ಎಂದರು ನಿಧಾನವಾಗಿ. "ಎಷ್ಟು ಸಲ ಅಂತ ನನಗೇ ಗೊತ್ತಿಲ್ಲ. ಮಕ್ಕಳನ್ನ ಹಿಂದೆ ಕೂರಿಸಿಕೊಂಡು."

ನನಗೆ ಗೆದ್ದ ಭಾವ ಬರಲಿಲ್ಲ. ಮಹಡಿಯ ಮೇಲೆ ಮಗಳ ಅಲಾರಂ ಬಡಿಯುತ್ತಿತ್ತು. ಚಹಾ ಆರಿಹೋಗಿತ್ತು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆ.

ಆಮೇಲಿನದೆಲ್ಲ ಬೇಗ ನಡೆಯಿತು. ಅವರು ಸರಿಯಾದ ಉಪಕರಣ ತರಿಸಿ ಇಡೀ ಮಧ್ಯದ ಭಾಗದ ಎತ್ತರ ಅಳೆಸಿದರು. ಅಂಥ ತಗ್ಗು ಇನ್ನೂ ಕೆಲವು ಸಿಕ್ಕವು. ಒಂದೂ ಆಳವಾಗಿರಲಿಲ್ಲ, ಎಲ್ಲವೂ ಒಂದು ಕಾರನ್ನು ಬಚ್ಚಿಡುವಷ್ಟು ಮಾತ್ರ ಇದ್ದವು. ಆ ಭಾಗದಲ್ಲಿ ನೂರಮೂವತ್ತರ ಮಿತಿ ಉಳಿಯಿತು. ತಗ್ಗುಗಳ ಎರಡೂ ಕಡೆ ತುಂಡುಗೆರೆ ಹೋಗಿ ದಾಟಬಾರದ ಗಟ್ಟಿ ಗೆರೆ ಬಂತು. ಮಿತಿಯ ಮಾತು ಹಾಗಿರಲಿ, ಗೆರೆ ಮೊದಲೇ ಅಲ್ಲಿರಬೇಕಿತ್ತು ಎಂದು ಅವರೇ ಬರೆದರು. ಉಳಿದ ಎರಡು ಭಾಗಗಳಲ್ಲಿ ಓರೆ ಗೆರೆಯ ಫಲಕ ನಿಂತಿತು. ಅವಕ್ಕೆ ಸಹಿ ಮಾಡಿದವಳು ನಾನೇ. ಅಲ್ಲಿ ನೋಡಬೇಕಾದದ್ದನ್ನೆಲ್ಲ ನೋಡಿದ್ದೇನೆ ಎಂದು ನಂಬಿದ್ದೇನೆ. ಆದರೂ ಅಲ್ಲಿ ಎಲ್ಲ ಸರಿಯಾಗಿದೆಯಾ ಎಂದು ಕೇಳಿ ಆಗಾಗ ಒಂದು ಸಾಲು ಬರೆಯುತ್ತೇನೆ. ಸರಿಯಾಗಿದೆ ಎಂದು ಅವರು ಉತ್ತರಿಸುತ್ತಾರೆ.

ಕೆಲಸ ಮುಗಿದ ದಿನ ಕೊನೆಯ ಕರೆಯಲ್ಲಿ ಅವರು ಸಂತೋಷವಾಗಿದ್ದರು. "ಒಂದು ಸಲ ಬನ್ನಿ ಇಲ್ಲಿಗೆ," ಎಂದರು. "ಮಿತಿ ಇಲ್ಲದ ಕಡೆ ಒಮ್ಮೆ ಓಡಿಸಿ ನೋಡಿ. ಎಷ್ಟು ವೇಗದಲ್ಲಿ ಹೋಗ್ತೀರಿ ನೋಡಬೇಕು ನನಗೆ."

"ನನಗೆ ಕಾರು ಓಡಿಸೋಕೆ ಬರಲ್ಲ," ಎಂದೆ. "ಲೈಸೆನ್ಸೇ ಇಲ್ಲ."

ಅವರು ನಗತೊಡಗಿದರು. ನಗು ನಿಲ್ಲಲು ಬಹಳ ಹೊತ್ತು ಬೇಕಾಯಿತು.

"ಪರವಾಗಿಲ್ಲ," ಎಂದರು. "ನಾನು ಓಡಿಸ್ತೀನಿ. ನೀವು ಪಕ್ಕದಲ್ಲಿ ಕೂತು ನೋಡ್ತಾ ಇರಿ."